ತಿರುವಿನಿಂದ ಗೇಟಿನವರೆಗೆ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿರುವ ಅಮ್ಮನವರಿಗೆ, ನಮ್ಮ ತಂಗಿಗೆ, ಮಗಳಿಗೆ — ಮೊದಲು ನಿಮಗೆ. ಆಮೇಲೆ ನಮ್ಮ ಗ್ಯಾರೇಜಿನ ಮಾಲೀಕರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ, ಈ ಬೀದಿಯ ಹಿರಿಯರಿಗೆ, ಕುರ್ಚಿ ಸಾಲದೆ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿರುವ ಹುಡುಗರಿಗೆ — ಎಲ್ಲರಿಗೂ. ಹಿಂದೆ ಕೇಳಿಸ್ತಿದೆಯಾ? ಸರಿ.

ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸ ಇಲ್ಲ. ಗ್ಯಾರೇಜಿನಲ್ಲಿ ಬಿಡಿಭಾಗಗಳ ಕೌಂಟರ್ ನನ್ನದು. ಬೋಲ್ಟು, ಬೇರಿಂಗು, ಕೇಬಲ್ಲು. ನಾನು ದಿನವಿಡೀ ಆಡೋ ಮಾತು ಅಂದ್ರೆ "ಯಾವ ಗಾಡಿ, ಯಾವ ಮಾಡೆಲ್, ಸ್ಟಾಕ್ ಇಲ್ಲ, ನಾಳೆ ಬನ್ನಿ" — ಅಷ್ಟೇ. ಮಾಲೀಕರು ನೀನೇ ಮಾತಾಡಬೇಕು ಅಂದ್ರು. ಯಾಕೆ ಅಂತ ಕೇಳಿದೆ. "ಅವನ ಪಕ್ಕ ಇಷ್ಟು ವರ್ಷ ಕೂತವಳು ನೀನೇ ತಾನೇ" ಅಂದ್ರು. ಅದೂ ನಿಜ. ಅವನ ವೆಲ್ಡಿಂಗ್ ಮೂಲೆಗೂ ನನ್ನ ಕೌಂಟರಿಗೂ ನಡುವೆ ಇರೋದು ಒಂದು ತಗಡಿನ ಗೋಡೆ.

ಒಂದು ಹಾಳೆಯಲ್ಲಿ ಬರೆಸಿಕೊಂಡು ಬಂದಿದ್ದೆ. "ನಮ್ಮನ್ನಗಲಿದ ಮಹನೀಯರು ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳಾಗಿದ್ದರು" ಅಂತ ಶುರುವಾಗತ್ತೆ. ಅಲ್ಲಿ ಕೂತು ಇನ್ನೊಂದು ಸಲ ಓದಿದೆ. ಯಾರ ಬಗ್ಗೆ ಅಂತ ನನಗೇ ಗೊತ್ತಾಗಲಿಲ್ಲ. ಮಡಚಿ ಬ್ಯಾಗಿಗೆ ಹಾಕಿದ್ದೀನಿ. "ಅವರು, ಅವರು" ಅಂದ್ರೆ ಯಾರೋ ಪರಿಚಯ ಇಲ್ಲದ ದೊಡ್ಡ ಮನುಷ್ಯರ ಮಾತಾಡಿದ ಹಾಗಾಗತ್ತೆ. ನನ್ನನ್ನ ಅಕ್ಕ ಅಂತಿದ್ದ, ಅವನ ಹೆಂಡತಿ ನನಗೆ ತಂಗಿ. ನಾನು ಅವನು ಅಂತಲೇ ಹೇಳ್ತೀನಿ. ಅಮ್ಮ, ನೀವು ತಪ್ಪು ತಿಳ್ಕೋಬೇಡಿ.

ನಮ್ಮಲ್ಲಿ ಅವನಿಗೆ ಪೈಪಣ್ಣ ಅಂತ ಹೆಸರು. ಸೈಲೆನ್ಸರ್ ಕೆಲಸ ಪೂರ್ತಿ ಅವನದೇ. ತುಕ್ಕು ಹಿಡಿದದ್ದು, ಒಡೆದದ್ದು, ಒಳಗಿನ ತಗಡು ಕಳಚಿ ಗಲಗಲ ಅನ್ನೋದು — ಎಲ್ಲ ಅವನ ಕೈಗೆ. ನಿಮ್ಮ ಬೀದಿಯಲ್ಲಿ ಅವನಿಗೆ ಬೇರೆ ಹೆಸರಿತ್ತು. ಡಬಡಬ. "ನೋಡು, ಡಬಡಬ ಬಂದ." ಅವನಿಗೂ ಗೊತ್ತಿತ್ತು. ಬೇಜಾರು ಮಾಡ್ಕೊಂಡವನಲ್ಲ. "ಅಕ್ಕ, ಕರೆಂಟ್ ಬಿಲ್ ಅವರಿಗೂ ನನ್ನ ಹೆಸರು ಹೇಳಿದ್ರೆ ಮನೆ ಗೊತ್ತಾಗಲ್ಲ, ಡಬಡಬ ಅಂದ್ರೆ ಸೀದಾ ಬರ್ತಾರೆ" ಅಂತಿದ್ದ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಅವನ ಗಾಡಿ ಸದ್ದು ಜಾಸ್ತಿ. ಜಾಸ್ತಿನೇ. ಇಲ್ಲ ಅಂತ ಯಾರೂ ಹೇಳೋಕಾಗಲ್ಲ. ನನಗೂ ಆ ಸದ್ದು ಸೇರ್ತಿರಲಿಲ್ಲ. ಮಧ್ಯಾಹ್ನ ಪೈಪ್ ಪರೀಕ್ಷೆ ಮಾಡೋ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿಯೋದು. ಸ್ಟಾರ್ಟ್ ಮಾಡೋಕೆ ಮುಂಚೆ ಅವನು ತಗಡಿನ ಗೋಡೆ ಮೇಲಿಂದ ಕೈ ಎತ್ತುತ್ತಿದ್ದ — ಹೀಗೆ. ಕೈ ಕಂಡ ಕೂಡಲೇ ನಾನು ಕಿವಿ ಮುಚ್ಚಿಕೊಳ್ಳಬೇಕು. ಮೊನ್ನೆ ಅವನ ಜಾಗಕ್ಕೆ ಬಂದ ಹೊಸಬರು ಗಾಡಿ ಸ್ಟಾರ್ಟ್ ಮಾಡಿದ್ರು. ಕೈ ಎತ್ತಲಿಲ್ಲ, ಪಾಪ ಅವರಿಗೇನು ಗೊತ್ತು. ಸದ್ದು ನೇರ ಬಂತು. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಗೋಡೆ ಮೇಲ್ಗಡೆ ನೋಡ್ತಾ ಕೂತಿದ್ದೆ.

ಎಲ್ಲರ ಸೈಲೆನ್ಸರ್ ಸರಿ ಮಾಡ್ತೀಯಲ್ಲ, ನಿನ್ನದೊಂದು ಮಾಡ್ಕೋಬಾರದಾ ಅಂತ ನಾನೇ ಎಷ್ಟು ಸಲ ಬೈದಿದ್ದೀನೋ. "ಅಕ್ಕ, ದಿನಾ ಪೂರ್ತಿ ಬೇರೆಯವರ ಸದ್ದು ಅಡಗಿಸ್ತೀನಿ. ಒಂದು ನನ್ನದು ಇರಲಿ ಬಿಡು" ಅಂತಿದ್ದ. ದೊಡ್ಡ ಕಾರಣ ಏನಿಲ್ಲ. ಅವನಿಗೆ ಆ ಸದ್ದು ಇಷ್ಟ ಇತ್ತು, ಅಷ್ಟೇ.

ಒಂದು ಸಲ ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗ್ತಿಲ್ಲ. ನೋಡಿದ್ರೆ ಪೈಪಿನೊಳಗೆ ಯಾರೋ ಟವೆಲ್ ತುರುಕಿದ್ದಾರೆ. ಇದೇ ಬೀದಿಯವರು. ಯಾರು ಅಂತ ಅವನೂ ಕೇಳಲಿಲ್ಲ, ಈಗ ನಾನೂ ಕೇಳಲ್ಲ. ಟವೆಲ್ ಎಳೆದು ತೆಗೆದ, ಮನೆಗೆ ತಗೊಂಡು ಹೋಗಿ ಒಗೆದ, ಗ್ಯಾರೇಜಿಗೆ ತಂದು ಕೈ ಒರೆಸೋಕೆ ಇಟ್ಟುಕೊಂಡ. "ಒಳ್ಳೇ ಹತ್ತಿಯದು ಅಕ್ಕ. ಉಳಿದವರೂ ಒಂದೊಂದು ತುರುಕಿದ್ರೆ ವರ್ಷಕ್ಕೆ ಆಗತ್ತೆ." ಆ ಟವೆಲ್ ಇನ್ನೂ ಮೊಳೆಯಲ್ಲಿ ನೇತಾಡ್ತಿದೆ. ಬೇಕಾದವರು ಬಂದು ತಗೋಬಹುದು. — ನಗಿ, ಪರವಾಗಿಲ್ಲ. ತಂಗಿ ಕೂಡ ನಗ್ತಿದ್ದಾಳೆ.

ಸದ್ದು ಬೇಕು ಅಂತ ಬರೋ ಹುಡುಗರಿಗೆ ಅವನದೊಂದು ಪದ್ಧತಿ ಇತ್ತು. ಬಾಗಿಲಲ್ಲಿ ನಿಂತವರಿಗೆ ಗೊತ್ತು. "ಅಣ್ಣ, ಒಳಗಿನ ತಗಡು ಕಿತ್ತು ಹಾಕಿ, ಗಾಡಿ ಗುಡುಗಬೇಕು" ಅಂತ ಬರ್ತೀರಿ. ಅವನು ಗಾಡಿ ನೋಡ್ತಿರಲಿಲ್ಲ. ನಿಮ್ಮ ಮುಖ ನೋಡಿ ಒಂದೇ ಮಾತು ಕೇಳ್ತಿದ್ದ. "ಇಂಜಿನ್ ಎಲ್ಲಿ ಆರಿಸ್ತೀಯ?" ಅರ್ಧ ಜನಕ್ಕೆ ಪ್ರಶ್ನೆನೇ ಅರ್ಥ ಆಗ್ತಿರಲಿಲ್ಲ. "ಆರಿಸೋದು ಎಲ್ಲಿ ಅಂದ್ರೆ, ಮನೇಲಿ ಅಣ್ಣ." "ಹಾಗಾದ್ರೆ ಆಗಲ್ಲ, ಹೋಗು." ಮುಖ ಊದಿಸಿಕೊಂಡು ಹೋಗ್ತಿದ್ರಿ. ಬೀದಿ ತಿರುವಿನಲ್ಲಿ ಆರಿಸ್ತೀನಿ, ಆಸ್ಪತ್ರೆ ಗೋಡೆ ಶುರುವಾಗೋ ಕಡೆ ಆರಿಸ್ತೀನಿ ಅಂತ ಯಾರು ಬಾಯಿಬಿಟ್ಟು ಹೇಳ್ತಾರೋ ಅವರಿಗೆ ಮಾತ್ರ ಕೆಲಸ. ಮಾಲೀಕರಿಗೆ ಗಿರಾಕಿ ತಪ್ಪಿತು ಅಂತ ಸಿಟ್ಟು. ಅಲ್ವಾ ಯಜಮಾನರೇ? ಆದ್ರೂ ಬಿಟ್ಟಿದ್ರು.

ಆ ಪದ್ಧತಿ ಎಲ್ಲಿಂದ ಬಂತು ಅನ್ನೋದನ್ನ ಹೇಳೋಕೇ ನಾನು ನಿಂತಿರೋದು. ಸ್ವಲ್ಪ ನೀರು ಕುಡೀತೀನಿ.

ಈ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಕೆಲವು ವರ್ಷದ ಹಿಂದೆ ಒಂದು ದಿನ ಗ್ಯಾರೇಜಿಗೆ ಬಂದ್ರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ. ನನ್ನ ಕೌಂಟರ್ ಮುಂದೆ ನಿಂತು ಪೈಪ್ ಕೆಲಸದವರು ಯಾರು ಅಂತ ಕೇಳಿದ್ರು. ಅವನು ವೆಲ್ಡಿಂಗ್ ಮಾಡ್ತಿದ್ದ. ಮುಗಿಯೋ ತನಕ ನಿಂತೇ ಇದ್ರು. ಅದಕ್ಕೆ ಮುಂಚೆ ಬೀದಿಯವರು ಬಂದಿರಲಿಲ್ಲ ಅಂತಲ್ಲ. ಬಂದಿದ್ರು. ಕೂಗಾಡಿ, ಪೊಲೀಸ್ ಅಂತ ಹೆದರಿಸಿ ಹೋಗಿದ್ರು. ಅವನು ನಿಂತು ಕೇಳಿ, ತಲೆ ಆಡಿಸಿ, ಸಂಜೆ ಹಾಗೇ ಡಬಡಬ ಅಂತ ಹೋಗ್ತಿದ್ದ. ಮೇಷ್ಟ್ರು ಕೂಗಲಿಲ್ಲ. "ದೂರು ಹೇಳೋಕೆ ಬಂದಿಲ್ಲಪ್ಪ. ನಮ್ಮ ಮನೆಯಾಕೆ ಹಾಸಿಗೆ ಹಿಡಿದಿದ್ದಾಳೆ. ಹಗಲೆಲ್ಲ ನರಳಿ ನರಳಿ, ಸಂಜೆಗೆ ಒಂಚೂರು ಜೊಂಪು ಹತ್ತತ್ತೆ. ಸರಿಯಾಗಿ ಆ ಹೊತ್ತಿಗೆ ನೀನು ಬರ್ತೀಯ" ಅಂದ್ರು.

ಅವನು ಕೈ ಒರೆಸಿಕೊಂಡ. "ಸರಿ ಮೇಷ್ಟ್ರೇ" ಅಂದ. ಅಷ್ಟೇ ಮಾತು.

ಸೈಲೆನ್ಸರ್ ಬದಲಾಯಿಸ್ತೀಯಾ ಅಂತ ಕೇಳಿದೆ. "ಇಲ್ಲ, ಆರಿಸ್ತೀನಿ" ಅಂದ. ಅವತ್ತಿನಿಂದ ಸೈಕಲ್ ಅಂಗಡಿ ತಿರುವಿಗೆ ಬಂದ ಕೂಡಲೇ ಇಂಜಿನ್ ಬಂದ್. ಕೀ ತೆಗೆದು ಅಂಗಿ ಜೇಬಿಗೆ, ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ, ಇಳಿದು ತಳ್ಳಿಕೊಂಡು ಮನೆವರೆಗೆ. ಈ ಬೀದಿ ಏರು ಅಂತ ನಿಮಗೆ ಗೊತ್ತು. ಆ ಗಾಡಿ ಎಷ್ಟು ಭಾರ ಅಂತ ನನಗೆ ಗೊತ್ತು. ಬೆಳಿಗ್ಗೆ ಇಳಿಜಾರಲ್ಲಿ ಹಾಗೇ ಉರುಳಿಸಿಕೊಂಡು ಹೋಗಿ, ತಿರುವು ದಾಟಿದ ಮೇಲೆ ಸ್ಟಾರ್ಟ್.

ನಿಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು?

ಗೊತ್ತಿಲ್ಲದಿದ್ರೆ ತಪ್ಪಲ್ಲ. ಸದ್ದು ಆದ್ರೆ ಎಲ್ಲರಿಗೂ ಕೇಳಿಸತ್ತೆ, ಸದ್ದು ಆಗದಿದ್ರೆ ಯಾರು ಕಿಟಕಿ ತೆಗೆದು ನೋಡ್ತಾರೆ. ತಿರುವಿನ ತನಕ ಬರೋ ಸದ್ದು ನಿಮಗೆ ಕೇಳ್ತಿತ್ತು. ಡಬಡಬ ಬಂದ ಅಂತಿದ್ರಿ. ಆಮೇಲಿನದು ನಿಮಗೆ ಕೇಳಿಸಿಲ್ಲ.

ಮೇಷ್ಟ್ರ ಹೆಂಡತಿ ಹೋದ ವರ್ಷ ತೀರಿಕೊಂಡ್ರು. ಆಮೇಲೂ ಅವನು ತಳ್ಳಿಕೊಂಡೇ ಬರ್ತಿದ್ದ. ಒಂದು ದಿನ ಕೇಳಿದೆ — ಇನ್ನು ಯಾಕೋ ತಳ್ತೀಯ, ಆ ತಾಯಿ ಹೋಗಿಬಿಟ್ರಲ್ಲ. ಅವನು ಪೈಪ್ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ. "ಈಗ ಸ್ಟಾರ್ಟಲ್ಲಿ ಹೋದ್ರೆ, ಇವನು ಆಕೆ ಹೋಗಲಿ ಅಂತಲೇ ಕಾಯ್ತಿದ್ದ ಅನ್ನಿಸಲ್ವಾ ಅಕ್ಕ ಮೇಷ್ಟ್ರಿಗೆ?" ಅಂದ.

— ಕ್ಷಮಿಸಿ.

ಈಗ ಅವತ್ತಿನ ವಿಷಯ. ಎರಡು ವಾರ ಆಯ್ತು. ನಾನು ಇದನ್ನ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದನ್ನ ಬೇರೆ ಬೇರೆ ಥರ ಹೇಳ್ತಾ ಇದ್ದಾರೆ.

ಮೇಷ್ಟ್ರ ಗೇಟಿನ ಎರಡೂ ಕಡೆ ಎತ್ತರದ ಗೋಡೆ. ಕಾರು ಹಿಂದೆ ತೆಗೆಯುವಾಗ ಬೀದಿ ಕಾಣಲ್ಲ. ಕಿಟಕಿ ಇಳಿಸೋದು, ಕಿವಿಗೊಡೋದು, ಸದ್ದಿಲ್ಲ ಅಂದ್ರೆ ಹಿಂದೆ ಬರೋದು. ಈ ಬೀದಿಯಲ್ಲಿ ಕಾರಿರೋರೆಲ್ಲ ಮಾಡೋದು ಅದನ್ನೇ. ಅವತ್ತು ಸಂಜೆ ಅವನ ಗಾಡಿ ತಿರುವಿನಲ್ಲಿ ಆರಿದಾಗ ಮೇಷ್ಟ್ರು ಇನ್ನೂ ಮನೆಯೊಳಗೆ ಬಾಗಿಲು ಹಾಕ್ತಿದ್ರು. ಔಷಧಿ ಅಂಗಡಿಗೆ ಹೊರಟಿದ್ರು. ಬಂದು ಕಾರಲ್ಲಿ ಕೂತು, ಕಿಟಕಿ ಇಳಿಸಿ ಕೇಳಿದ್ರು. ಏನೂ ಸದ್ದಿಲ್ಲ. ಹಿಂದೆ ಬಂದ್ರು.

ಅವನು ಗಾಡಿ ತಳ್ಳಿಕೊಂಡು ಸರಿಯಾಗಿ ಆ ಗೇಟಿನ ಮುಂದೆ ಇದ್ದ. ಕಾರು ಜೋರಾಗೇನೂ ಬಂದಿಲ್ಲ. ತಾಗಿತು, ಗಾಡಿ ಅವನ ಮೇಲೆ ವಾಲಿತು, ಚರಂಡಿ ಕಲ್ಲಿನ ಅಂಚು ತಲೆಗೆ ಬಡೀತು. ಅಷ್ಟೇ ಆದದ್ದು.

ಆಸ್ಪತ್ರೆಗೆ ನಾನು ಹೋದಾಗ ಮೇಷ್ಟ್ರು ಅಲ್ಲೇ ಇದ್ರು, ಅಂಗಿಯೆಲ್ಲ ರಕ್ತ. ಮೇಜಿನ ಹಿಂದೆ ಇದ್ದವರು ಮೊದಲು ಕೇಳಿದ್ದು "ಬೈಕಾ?" ಹೌದು ಅಂದ್ವಿ. ಅವರ ಮುಖ ಬದಲಾಯ್ತು. ಎರಡನೇ ಪ್ರಶ್ನೆ "ಕುಡಿದಿದ್ರಾ?" ಮೂರನೇದು "ಎಷ್ಟು ಸ್ಪೀಡಲ್ಲಿದ್ರು?" ಮೇಷ್ಟ್ರು ಹೇಳ್ತಾನೇ ಇದ್ರು — "ಅವನು ನಡ್ಕೊಂಡು ಬರ್ತಿದ್ದ. ನಾನೇ ಗುದ್ದಿದೆ. ಅವನು ನಡ್ಕೊಂಡು ಬರ್ತಿದ್ದ." ಅವರು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು "ನೀವು ಗಾಬರಿಯಾಗಿದ್ದೀರಿ, ಕೂತ್ಕೊಳ್ಳಿ ಅಜ್ಜ" ಅಂದ್ರು.

ಠಾಣೆಯಲ್ಲೂ ಅದೇ. ಮೇಷ್ಟ್ರು ತಾವಾಗೇ ಹೋಗಿ ಹೇಳಿಕೆ ಕೊಟ್ರು. ಇನ್ಸ್‌ಪೆಕ್ಟರ್ ಕುರ್ಚಿ ಕೊಟ್ಟು, ಟೀ ಕೊಟ್ಟು, "ನಿಮ್ಮ ಒಳ್ಳೇತನ ಊರಿಗೇ ಗೊತ್ತು ಸರ್. ಇಲ್ಲದ ತಪ್ಪು ತಲೆ ಮೇಲೆ ಎಳ್ಕೋಬೇಡಿ. ಆ ಗಾಡಿ ಸೈಲೆನ್ಸರ್ ನೋಡಿದ್ರೆ ಸಾಕಲ್ಲ, ಎಂಥವನು ಅಂತ ಗೊತ್ತಾಗತ್ತೆ" ಅಂದ್ರಂತೆ. ಎರಡನೇ ಸಲ ಹೋದ್ರು. ಅದೇ ಕುರ್ಚಿ, ಅದೇ ಟೀ. ಗುದ್ದಿದವರೇ ನಿಂತು ನಾನು ಗುದ್ದಿದೆ ಅಂತಿದ್ದಾರೆ. ನಂಬೋರಿಲ್ಲ.

ಬೀದಿಯಲ್ಲಿ ಕೇಳಬೇಕಾ. ಎತ್ತು ಕರು ಹಾಕಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ. "ಹಾಗೆ ಓಡಿಸಿದ್ರೆ ಹೀಗೇ ಆಗೋದು." "ಹೆಲ್ಮೆಟ್ ಬೇರೆ ಹಾಕಿರಲಿಲ್ಲವಂತೆ." ಹೌದು, ಹಾಕಿರಲಿಲ್ಲ. ಹ್ಯಾಂಡಲಲ್ಲಿ ನೇತಾಡ್ತಿತ್ತು. ನಡೆಯುವಾಗ ನಿಮ್ಮಲ್ಲಿ ಯಾರು ಹೆಲ್ಮೆಟ್ ಹಾಕ್ತೀರಿ? ತರಕಾರಿಗೆ ಹೋಗುವಾಗ ಹಾಕ್ತೀರಾ?

ನಾನು ಜೋರಾಗಿ ಮಾತಾಡ್ತಾ ಇದ್ದೀನಿ ಅನ್ಸತ್ತೆ. ಸಿಟ್ಟಲ್ಲ. ಸಿಟ್ಟು ಬರಬೇಕಿತ್ತು, ಬಂದಿಲ್ಲ. ಅಳು ಬರಬೇಕಿತ್ತು, ಅದೂ ಬಂದಿಲ್ಲ. ಗ್ಯಾರೇಜಿನಲ್ಲಿ ಟೀ ಎಷ್ಟು ತರಲಿ ಅಂತ ಕೇಳಿದ್ರೆ ನಾನು ಇನ್ನೂ ಅವನನ್ನೂ ಸೇರಿಸಿಯೇ ಹೇಳ್ತೀನಿ. ಒಂದು ಲೋಟ ಉಳಿಯತ್ತೆ. ಸಂಜೆ ಚೆಲ್ಲಿ, ತೊಳೆದು, ಬೋರಲು ಹಾಕಿ ಮನೆಗೆ ಹೋಗ್ತೀನಿ. ಹೀಗಿದೆ.

ಮೇಲಿನ ಮನೆಯ ಅಮ್ಮ ಇಲ್ಲಿದ್ದಾರೆ. ಅಮ್ಮ, ನೀವು ಬಂದದ್ದಕ್ಕೆ ತುಂಬಾ ಉಪಕಾರ. ನೀವು ಪೊಲೀಸರಿಗೆ ಹೇಳಿದ್ರಿ — ಗಾಡಿ ಭರ್ರಂತ ಬಂದದ್ದನ್ನ ನನ್ನ ಕಿವಿಯಾರೆ ಕೇಳಿದೆ, ಆಮೇಲೆ ಧಡ್ ಅಂತು. ನೀವು ಸುಳ್ಳು ಹೇಳಿಲ್ಲ. ಭರ್ರಂದದ್ದೂ ನಿಜ, ಧಡ್ ಅಂದದ್ದೂ ನಿಜ. ಆದ್ರೆ ಕಣ್ಣಾರೆ ಕಂಡರೂ ಪರಾಂಬರಿಸು ಅಂತಾರಲ್ಲ ಅಮ್ಮ, ಕಿವಿಗೂ ಅದೇ ಮಾತು. ಆ ಎರಡು ಸದ್ದಿನ ನಡುವೆ ಒಂದಿಷ್ಟು ಹೊತ್ತು ಏನೂ ಸದ್ದಿರಲಿಲ್ಲ. ನೀವು ಆ ಹೊತ್ತನ್ನ ಬಿಟ್ಟು ಎರಡನ್ನೂ ಸೇರಿಸಿಬಿಟ್ಟಿದ್ದೀರಿ. ಅವನು ಈ ಬೀದಿಗೆ ಕೊಟ್ಟದ್ದು ಅದೊಂದೇ ಹೊತ್ತು.

ಆ ಹೊತ್ತನ್ನ ಕೇಳಿಸಿಕೊಂಡವಳು ಒಬ್ಬಳಿದ್ದಾಳೆ. ಇಲ್ಲಿ ಮುಂದೆ ಕೂತಿದ್ದಾಳೆ.

ಮಗೂ, ಹೇಳಲಾ? — ಸರಿ.

ದಿನಾ ಸಂಜೆ ಅಪ್ಪನ ಗಾಡಿ ದೊಡ್ಡ ರಸ್ತೆಯಲ್ಲಿ ಬರುವಾಗಲೇ ಇವಳಿಗೆ ಗೊತ್ತಾಗ್ತಿತ್ತು. ಸದ್ದು ತಿರುವಿಗೆ ಬಂದು ನಿಲ್ಲತ್ತೆ. ನಿಂತ ಕೂಡಲೇ ಇವಳು ಫೋನ್ ದಿಂಬಿನಡಿ ತಳ್ಳಿ, ಪುಸ್ತಕ ತೆಗೆದು, ಬೆಳಗ್ಗೆಯಿಂದ ಓದುತ್ತಾ ಇರೋಳ ಹಾಗೆ ಮುಖ ಮಾಡ್ಕೊಂಡು ಕೂರೋದು. ನಮ್ಮ ತಂಗಿ ಟೀಗೆ ನೀರಿಡೋದು. ಆಮೇಲೆ ಗೇಟಿನ ಚಿಲಕದ ಸದ್ದು. ಅಪ್ಪ ಒಳಗೆ. ಅಪ್ಪನಿಗೆ ಗೊತ್ತಿರಲಿಲ್ಲ ಅಂದ್ಕೊಂಡಿದ್ದೀಯ ನೀನು. ಗೊತ್ತಿತ್ತು. "ಅವಳಿಗೆ ಫೋನ್ ಬಚ್ಚಿಡೋಕೆ ಟೈಮ್ ಕೊಟ್ಟು ಹೋಗ್ತೀನಿ ಅಕ್ಕ" ಅಂತ ನಗ್ತಿದ್ದ.

ಅವತ್ತು ರಾತ್ರಿಯಲ್ಲ, ಮಾರನೇ ದಿನ ಇವಳು ನನಗೆ ಹೇಳಿದ್ದು ಇಷ್ಟು. "ಅತ್ತೆ, ಸದ್ದು ತಿರುವಿನಲ್ಲೇ ನಿಂತಿತ್ತು. ನಾನು ಪುಸ್ತಕ ತೆಗೆದಿದ್ದೆ. ಏನೋ ಬಿತ್ತು, ಯಾರ ಮನೇಲೋ ಸಿಲಿಂಡರ್ ಇಳಿಸಿದ್ರು ಅಂದ್ಕೊಂಡೆ. ಗೇಟ್ ಸದ್ದು ಆಗಲೇ ಇಲ್ಲ." ಠಾಣೆಯಲ್ಲೂ ಇದನ್ನೇ ಹೇಳಿದ್ಲು. ಸಣ್ಣ ಹುಡುಗಿ, ಅಪ್ಪನ ಪರ ಹೇಳ್ತಾಳೆ ಅಂದ್ರು. ಶಾಲೆಯಲ್ಲಿ ಇವಳಿಗೆ ಏನಂತಿದ್ದಾರೆ ಗೊತ್ತಾ? ನಿಮ್ಮಪ್ಪ ರೇಸ್ ಮಾಡಿ ಸತ್ತನಂತೆ, ಅಂತ. ಮನೆಗೆ ಬಂದು ಅಮ್ಮನ್ನ ಕೇಳಿದ್ಲಂತೆ — "ಅಪ್ಪ ನಡ್ಕೊಂಡೇ ಬರ್ತಿದ್ರು ತಾನೇ?" ಅವಳಿಗೇ ಅನುಮಾನ ಬರೋ ಹಾಗೆ ಮಾಡಿದ್ದೀವಿ ನಾವು. ತನ್ನ ಕಿವಿಯಲ್ಲೇ ಕೇಳಿದ್ದನ್ನ.

ಆಸ್ಪತ್ರೆಯವರು ಬಟ್ಟೆಯ ಜೊತೆ ಒಂದು ಕವರ್ ಕೊಟ್ಟಿದ್ರು. ತಂಗಿ ಮೊನ್ನೆ ಬಿಚ್ಚಿದ್ಲು. ಅಂಗಿ ಜೇಬಿನಲ್ಲಿದ್ದ ಗಾಡಿಯ ಕೀ. ಓಡ್ತಿರೋ ಗಾಡಿಯ ಕೀ ಜೇಬಲ್ಲಿ ಇರಲ್ಲ. ನಾನು ಇನ್ನೇನೂ ಹೇಳಬೇಕಾಗಿಲ್ಲ.

ನಾಳೆ ಮೇಷ್ಟ್ರು ಮೂರನೇ ಸಲ ಠಾಣೆಗೆ ಹೋಗ್ತಾರೆ. ಆ ಕೀ ತಗೊಂಡು ನಾನೂ ತಂಗಿಯೂ ಹೋಗ್ತೀವಿ. ಮೇಲಿನ ಮನೆಯ ಅಮ್ಮ, ನೀವೂ ಬಂದ್ರೆ — ಆ ನಡುವಿನ ಹೊತ್ತನ್ನೂ ಸೇರಿಸಿ ಹೇಳಿದ್ರೆ — ಬಲವಂತ ಇಲ್ಲ. ತಲೆ ಆಡಿಸಿದ್ರಿ. ನನಗೆ ಕಾಣಿಸ್ತು. ಉಪಕಾರ ಆಯ್ತು.

ಹೌದು, ಮೇಷ್ಟ್ರು ಬಂದಿದ್ದಾರೆ. ಕೊನೇ ಸಾಲಿನಲ್ಲಿ, ಕಂಬದ ಹತ್ತಿರ. ಎಲ್ಲರೂ ತಿರುಗಿ ನೋಡೋದು ಬೇಡ. ಅವರು ಬರಲ್ಲ ಅಂದಿದ್ರು. ಕರೆದುಕೊಂಡು ಬಂದದ್ದು ನಮ್ಮ ತಂಗಿ.

ಬಾಗಿಲಲ್ಲಿರೋ ಹುಡುಗರಿಗೂ ಒಂದು ಮಾತು. "ಸದ್ದು ಇದ್ದಿದ್ರೆ ಅಣ್ಣ ಬದುಕ್ತಿದ್ದ" ಅಂತ ನೀವು ಹೇಳ್ತಿದ್ದೀರಿ. ಇರಬಹುದು. ನಾನೂ ಅದನ್ನ ಯೋಚಿಸಿದ್ದೀನಿ, ಯೋಚಿಸಿ ಎಲ್ಲೂ ಮುಟ್ಟಲಿಲ್ಲ. ಆ ಮಾತನ್ನ ಗಾಡಿ ಮೇಲೆ ಅಂಟಿಸಿಕೊಂಡು ತಿರುಗಬೇಡಿ. ಮೇಷ್ಟ್ರೂ ಇದೇ ರಸ್ತೆಯಲ್ಲಿ ಓಡಾಡಬೇಕು. ಮೌನಾಚರಣೆಯ ಬದಲು ಎಲ್ಲ ಗಾಡಿ ಒಟ್ಟಿಗೆ ಸ್ಟಾರ್ಟ್ ಮಾಡ್ತೀವಿ ಅಂದ್ರಿ. ತಂಗಿಯನ್ನ ಕೇಳಿದೆ, ಬೇಡ ಅಂದ್ಲು. ಇವತ್ತು ನೀವೆಲ್ಲ ತಿರುವಿನಿಂದ ಗಾಡಿ ತಳ್ಳಿಕೊಂಡು ಬಂದ್ರಿ. ನೋಡಿದ್ವಿ. ಆದ್ರೆ ಹೋಗುವಾಗ ಯಾರೂ ತಳ್ಳೋದು ಬೇಡವಂತೆ. ದೀಪ ಹಾಕಿ, ಸ್ಟಾರ್ಟ್ ಮಾಡ್ಕೊಂಡು, ನಿಧಾನವಾಗಿ ಹೋಗಬೇಕಂತೆ. "ಹೋದರು ಅಂತ ನನಗೆ ಕೇಳಿಸಲಿ ಅಕ್ಕ" ಅಂದ್ಲು. ಅವಳ ಮಾತು ನಡೆಸಿಕೊಡಿ.

ನನ್ನ ಮಾತು ಮುಗೀತು. ನಾಳೆಯಿಂದ ಯಾರಾದ್ರೂ ಅವನ ವಿಷಯ ತೆಗೆದ್ರೆ, ಒಂದೇ ಒಂದು ಮಾತು ಸೇರಿಸಿ. ನಡ್ಕೊಂಡು ಬರ್ತಿದ್ದ ಅನ್ನಿ. ಡಬಡಬ ಅಂತಲೇ ಕರೀರಿ, ಪರವಾಗಿಲ್ಲ. ನಡ್ಕೊಂಡು ಬರ್ತಿದ್ದ ಅನ್ನಿ.

ಈಗ ನಾವೆಲ್ಲ ಮೌನವಾಗಿ ನಿಲ್ಲಬೇಕು. ಎಷ್ಟು ನಿಮಿಷ ಅಂತ ಮಾಲೀಕರು ಕೇಳಿದ್ರು. ಗಡಿಯಾರ ಬೇಡ. ತಿರುವಿನಲ್ಲಿ ಇಂಜಿನ್ ಆರಿಸಿದ ಮೇಲೆ ಅವನು ತನ್ನ ಮನೆ ಗೇಟು ಮುಟ್ಟೋಕೆ ಎಷ್ಟು ಹೊತ್ತು ಹಿಡೀತಿತ್ತೋ ಅಷ್ಟು ಹೊತ್ತು ನಿಲ್ಲೋಣ. ಅದು ಎಷ್ಟು ಅಂತ ಸರಿಯಾಗಿ ಗೊತ್ತಿರೋದು ಈ ಸಭೆಯಲ್ಲಿ ಒಬ್ಬಳಿಗೇ. ಅವಳು ಕೂತಾಗ ನಾವೂ ಕೂರೋಣ. ಅಲ್ಲಿವರೆಗೆ ಯಾರೂ ಅಲ್ಲಾಡೋದು ಬೇಡ.

ಏಳು ಮಗೂ. — ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.